ಆರು ವರ್ಷದ ಮಗಳಿಗೆ ನೆಗಡಿ, ಮುಂದಿನ ವಾರ ಟಾನ್ಸಿಲ್ ಶಸ್ತ್ರಚಿಕಿತ್ಸೆ: ಅರಿವಳಿಕೆ ವೈದ್ಯರಿಗೆ ಹೇಳಲೇಬೇಕೇ?

ಪ್ರಶ್ನೆ: ಮಗುವಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಒಂದೂವರೆ ವರ್ಷದಿಂದ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾಳೆ, ಬಾಯಿ ತೆರೆದುಕೊಂಡೇ ಮಲಗುತ್ತಾಳೆ, ನಡುನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಮಗ್ಗುಲು ಬದಲಿಸುತ್ತಾಳೆ. ಕಿವಿ, ಮೂಗು, ಗಂಟಲಿನ ತಜ್ಞರು ಪರೀಕ್ಷಿಸಿ, ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡೆನಾಯ್ಡ್ ಗ್ರಂಥಿ ಎರಡೂ ಬಹಳ ದೊಡ್ಡದಾಗಿವೆ, ತೆಗೆಸುವುದೇ ಒಳ್ಳೆಯದು ಎಂದಿದ್ದಾರೆ. ಎರಡು ತಿಂಗಳು ಕಾದ ಮೇಲೆ ದಿನಾಂಕ ಸಿಕ್ಕಿದೆ. ಇನ್ನು ಆರು ದಿನಕ್ಕೆ ಶಸ್ತ್ರಚಿಕಿತ್ಸೆ. ಅರಿವಳಿಕೆಗೆ ಮುಂಚಿನ ತಪಾಸಣೆ ಕಳೆದ ವಾರವೇ ಮುಗಿದು, ಫಿಟ್ ಎಂದು ಬರೆದುಕೊಟ್ಟಿದ್ದಾರೆ.

ತೊಂದರೆ ಶುರುವಾದದ್ದು ಅದಾದ ಮೇಲೆ. ಮೊನ್ನೆಯಿಂದ ಅವಳಿಗೆ ನೆಗಡಿ. ಮೊದಲ ದಿನ ಮೂಗಿನಿಂದ ಬರೀ ನೀರು ಸುರಿಯುತ್ತಿತ್ತು; ಇವತ್ತು ಸಿಂಬಳ ಗಟ್ಟಿಯಾಗಿ ಹಳದಿಗೆ ತಿರುಗಿದೆ. ನಿನ್ನೆ ರಾತ್ರಿ ಮೈ ಬಿಸಿಯಾಗಿತ್ತು, ಥರ್ಮಾಮೀಟರ್ 38.2 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಕೆಮ್ಮಿದಾಗ ಕಫ ಗೊರಗೊರ ಎನ್ನುತ್ತದೆ. ಮನೆಯ ಹಿರಿಯರು, ಮಕ್ಕಳಿಗೆ ನೆಗಡಿ ಬಾರದ ತಿಂಗಳೇ ಇಲ್ಲ, ಇದನ್ನೆಲ್ಲ ಹೇಳಿಕೊಂಡು ಹೋದರೆ ದಿನಾಂಕ ಕೈತಪ್ಪುತ್ತದೆ, ಅಷ್ಟರಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಬಿಡು ಎನ್ನುತ್ತಿದ್ದಾರೆ. ಯಜಮಾನರು ಕಷ್ಟಪಟ್ಟು ರಜೆ ಹೊಂದಿಸಿಕೊಂಡಿದ್ದಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಒಂದು ನೆಗಡಿಯಿಂದ ಅರಿವಳಿಕೆಯಲ್ಲಿ ನಿಜವಾಗಿಯೂ ಅಷ್ಟು ವ್ಯತ್ಯಾಸವಾಗುತ್ತದೆಯೇ? ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಏಕೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ಮಕ್ಕಳ ಅರಿವಳಿಕೆ ತಜ್ಞ

ಅಮ್ಮಾ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಅಲ್ಲ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಕಳೆದ ವಾರ ಬರೆದುಕೊಟ್ಟ ಫಿಟ್‌ನೆಸ್ ಕಳೆದ ವಾರದ ಮಗುವಿನದು. ಈಗ ನಿಮ್ಮ ಮುಂದಿರುವ ಮಗುವಿಗೆ ಜ್ವರವಿದೆ, ಹಳದಿ ಸಿಂಬಳವಿದೆ, ಕಫದ ಕೆಮ್ಮಿದೆ. ತೀರ್ಮಾನ ಅವಳನ್ನು ಕಣ್ಣಾರೆ ನೋಡುವ ವೈದ್ಯರದೇ ಆದರೂ, ಈ ಮೂರೂ ಒಟ್ಟಿಗೆ ಇರುವಾಗ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುವುದೇ ಹೆಚ್ಚಿನ ಅರಿವಳಿಕೆ ತಜ್ಞರ ರೂಢಿ.

ಏಕೆಂದು ಹೇಳುತ್ತೇನೆ. ಮಕ್ಕಳ ಉಸಿರುದಾರಿ ದೊಡ್ಡವರದರ ಕಿರುಪ್ರತಿಯಲ್ಲ, ಅದರ ರಚನೆಯೇ ಬೇರೆ. ಎಳೆಯ ಮಗುವಿನ ತಲೆ ಮೈಯ ಅಳತೆಗೆ ದೊಡ್ಡದು, ಹಿಂದಲೆ ಉಬ್ಬಿಕೊಂಡಿರುತ್ತದೆ. ಆದ್ದರಿಂದ ಅಂಗಾತ ಮಲಗಿಸಿದರೆ ಕುತ್ತಿಗೆ ತಾನಾಗಿಯೇ ಮುಂದಕ್ಕೆ ಬಾಗಿ ದಾರಿ ಮಡಚಿಕೊಳ್ಳುತ್ತದೆ. ಬಾಯಿಯ ಅಳತೆಗೆ ನಾಲಿಗೆ ದಪ್ಪ. ಧ್ವನಿಪೆಟ್ಟಿಗೆ ದೊಡ್ಡವರಿಗಿಂತ ಮೇಲೆ ಇರುತ್ತದೆ, ಅದರ ಮುಚ್ಚಳವಾದ ಎಪಿಗ್ಲಾಟಿಸ್ ಉದ್ದವಾಗಿ, ಮೆತ್ತಗೆ ಜೋಲುತ್ತಿರುತ್ತದೆ. ಆರು ವರ್ಷದ ಹೊತ್ತಿಗೆ ಇವುಗಳಲ್ಲಿ ಕೆಲವು ಸರಿಹೋಗಿರುತ್ತವೆ, ಆದರೆ ದಾರಿಯ ಅಗಲ ಮಾತ್ರ ಇನ್ನೂ ಕಿರಿದೇ. ನಿಮ್ಮ ಮಗಳ ಶ್ವಾಸನಾಳಕ್ಕೆ ನಾವು ಹಾಕುವ ಟ್ಯೂಬಿನ ಒಳ ಅಗಲ ಸುಮಾರು 5 ಮಿಲಿಮೀಟರ್. ಹಸುಗೂಸಿನ ಶ್ವಾಸನಾಳವೇ ಅದರ ಅತಿ ಕಿರಿದಾದ ಕಡೆ 4 ಮಿಲಿಮೀಟರ್ ಇರುತ್ತದೆ ಎಂದಿಟ್ಟುಕೊಳ್ಳಿ. ಅದರ ಒಳಪೊರೆ ಸುತ್ತಲೂ ಕೇವಲ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವ ಅಗಲ 2 ಮಿಲಿಮೀಟರ್. ಅಂದರೆ ದಾರಿಯ ನಾಲ್ಕರಲ್ಲಿ ಮೂರು ಪಾಲು ಮುಚ್ಚಿಹೋಯಿತು, ಗಾಳಿ ಸಾಗುವ ತಡೆ 16 ಪಟ್ಟು ಹೆಚ್ಚಿತು. ಅಷ್ಟೇ ಊತ 8 ಮಿಲಿಮೀಟರ್ ಅಗಲದ ದೊಡ್ಡವರ ಶ್ವಾಸನಾಳದಲ್ಲಿ ಬಂದರೆ ತಡೆ ಹೆಚ್ಚುವುದು ಸುಮಾರು ಮೂರು ಪಟ್ಟು ಮಾತ್ರ. ದೊಡ್ಡವರಿಗೆ ಗಂಟಲು ಕೆರೆತವಾಗಿ ಕಳೆದುಹೋಗುವ ಊತ ಕೂಸಿಗೆ ಉಸಿರಾಟದ ಹೋರಾಟವಾಗುವುದು ಹೀಗೆ.

ಇನ್ನೊಂದು ಸಂಗತಿ ಆಮ್ಲಜನಕದ ಲೆಕ್ಕ. ಹಸುಗೂಸು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 6ರಿಂದ 8 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ, ದೊಡ್ಡವರು ಅದರ ಅರ್ಧದಷ್ಟು. ಖರ್ಚು ಹೆಚ್ಚು, ಶ್ವಾಸಕೋಶದಲ್ಲಿ ಉಳಿತಾಯ ಕಡಿಮೆ. ಆರೋಗ್ಯವಂತ ವಯಸ್ಕರಿಗೆ ಮೊದಲೇ ಚೆನ್ನಾಗಿ ಆಮ್ಲಜನಕ ಕೊಟ್ಟಿದ್ದರೆ ಉಸಿರು ನಿಂತ ಮೇಲೂ ರಕ್ತದ ಆಮ್ಲಜನಕ ಅಪಾಯಕ್ಕೆ ಇಳಿಯಲು ಆರೇಳು ನಿಮಿಷ ಹಿಡಿಯಬಹುದು. ಕೆಲವೇ ತಿಂಗಳ ಕೂಸಿನಲ್ಲಿ ಒಂದೂವರೆ ನಿಮಿಷ ಸಾಕು. ನಿಮ್ಮ ಮಗಳ ವಯಸ್ಸಿನವರು ಇವೆರಡರ ನಡುವೆ ಬರುತ್ತಾರೆ. ಆಮ್ಲಜನಕ ಇಳಿದರೆ ಎಳೆಯ ಮಕ್ಕಳ ಹೃದಯ ಬೇಗನೆ ನಿಧಾನವಾಗತೊಡಗುತ್ತದೆ. ಅದಕ್ಕೇ ಮಕ್ಕಳ ಅರಿವಳಿಕೆಯಲ್ಲಿ ನಮ್ಮ ಕಣ್ಣು, ಕಿವಿ, ಕೈ ಎಲ್ಲವೂ ಉಸಿರಿನ ಮೇಲೆಯೇ ನೆಟ್ಟಿರುತ್ತವೆ.

ಈಗ ನೆಗಡಿಯ ಮಾತಿಗೆ ಬರೋಣ. ನೆಗಡಿಯ ವೈರಾಣು ಉಸಿರುದಾರಿಯ ಒಳಪೊರೆಯನ್ನು ಕೆರಳಿಸಿ, ಅಲ್ಲಿನ ನರತುದಿಗಳನ್ನು ಅತಿಸೂಕ್ಷ್ಮಗೊಳಿಸುತ್ತದೆ. ಮೂಗು ಸುರಿಯುವುದು ನಿಂತ ಮೇಲೂ ಈ ಕೆರಳಿಕೆ ಎರಡರಿಂದ ಆರು ವಾರ ಉಳಿಯಬಹುದು. ಇಂಥ ಹೊತ್ತಿನಲ್ಲಿ ಅರಿವಳಿಕೆ ಇನ್ನೂ ಆಳವಾಗಿಲ್ಲದಾಗ, ಅಥವಾ ಎಚ್ಚರವಾಗುತ್ತಿರುವಾಗ, ಒಂದು ಹನಿ ಜೊಲ್ಲೋ ರಕ್ತವೋ ಧ್ವನಿತಂತುಗಳನ್ನು ತಾಕಿದರೆ ಅವೆರಡೂ ಬಾಗಿಲು ಹಾಕಿದಂತೆ ಗಟ್ಟಿಯಾಗಿ ಕೂಡಿಕೊಂಡುಬಿಡುತ್ತವೆ. ಇದಕ್ಕೆ ಲ್ಯಾರಿಂಗೋಸ್ಪಾಸಂ ಎನ್ನುತ್ತೇವೆ. ಎದೆ ಏಳುತ್ತದೆ, ಒಳಕ್ಕೆ ಸೆಳೆಯುತ್ತದೆ, ಆದರೆ ಗಾಳಿ ಹೋಗುವುದಿಲ್ಲ, ಸದ್ದೂ ಇರುವುದಿಲ್ಲ. ಹಾಗಾದಾಗ ಕೆರಳಿಸಿದ್ದನ್ನು ತೆಗೆದು, ಕೆಳದವಡೆಯನ್ನು ಮುಂದಕ್ಕೆ ಎತ್ತಿ, ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಿಡಿದು ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಡುತ್ತೇವೆ. ಅದಕ್ಕೂ ಬಿಡದಿದ್ದರೆ ಪ್ರೊಪೋಫಾಲ್ ಕೊಟ್ಟು ಅರಿವಳಿಕೆಯನ್ನು ಆಳಗೊಳಿಸುತ್ತೇವೆ, ಆಮೇಲೆ ಸಕ್ಸಿನೈಲ್‌ಕೋಲಿನ್ ಕೊಟ್ಟು ಸ್ನಾಯುಗಳನ್ನೇ ಸಡಿಲಿಸುತ್ತೇವೆ. ಬಹುಪಾಲು ಸಲ ಸೆಕೆಂಡುಗಳಲ್ಲಿ ಬಿಡುತ್ತದೆ. ಆದರೆ ಆ ಸೆಕೆಂಡುಗಳಿಗೆ ಮುಂಚೆಯೇ ಸಿದ್ಧರಾಗಿರುವ ಕೋಣೆಗೂ ಏನೂ ಗೊತ್ತಿಲ್ಲದೆ ಸಿಕ್ಕಿಬೀಳುವ ಕೋಣೆಗೂ ಬಹಳ ವ್ಯತ್ಯಾಸವಿದೆ. ನಿಮ್ಮ ಒಂದು ಮಾತು ಆ ವ್ಯತ್ಯಾಸವನ್ನು ತರುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ಇನ್ನೂ ಎರಡು ಅಂಶ ಸೇರುತ್ತವೆ. ಶಸ್ತ್ರಚಿಕಿತ್ಸೆ ನಡೆಯುವುದು ಉಸಿರುದಾರಿಯಲ್ಲೇ. ಸರ್ಜನ್ ಕೆಲಸ ಮಾಡುವ ಜಾಗವನ್ನೇ ನಾವೂ ಕಾಯಬೇಕು. ಜೊತೆಗೆ, ನೀವು ಹೇಳಿದ ಗೊರಕೆ ಮತ್ತು ಉಸಿರು ಕಟ್ಟುವಿಕೆ ನಿದ್ರೆಯಲ್ಲಿ ಉಸಿರುದಾರಿ ಮುಚ್ಚಿಕೊಳ್ಳುವ ತೊಂದರೆಯ ಲಕ್ಷಣದಂತಿದೆ. ಅಂಥ ಮಕ್ಕಳಿಗೆ ಅಪಾಯ ಒಂದು ಹೆಜ್ಜೆ ಹೆಚ್ಚೇ.

ಹೆದರಿಸಲು ಇಷ್ಟೆಲ್ಲ ಬರೆಯಲಿಲ್ಲ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಏಪ್ರಿಕಾಟ್ ಎಂಬ ಹೆಸರಿನ ಅಧ್ಯಯನದಲ್ಲಿ, ತುರ್ತಾಗಿ ಕೈಹಾಕಬೇಕಾದ ಗಂಭೀರ ಘಟನೆಗಳು ನೂರಕ್ಕೆ ಸುಮಾರು 5 ಸಲ ಕಂಡವು, ಅವುಗಳಲ್ಲಿ ಉಸಿರಾಟಕ್ಕೆ ಸೇರಿದವೇ ಹೆಚ್ಚು, ನೂರಕ್ಕೆ 3.1. ವಯಸ್ಸು ಏರಿದಂತೆ ಈ ಅಪಾಯ ಇಳಿಯುತ್ತದೆ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರ ಕೈಯಲ್ಲೂ ಇಳಿಯುತ್ತದೆ. ಸಾವು ಇದಕ್ಕಿಂತ ಎಷ್ಟೋ ಅಪರೂಪ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮಕ್ಕಳ ಆಸ್ಪತ್ರೆಯೊಂದು 2003ರಿಂದ 2008ರವರೆಗಿನ 1,01,885 ಅರಿವಳಿಕೆಗಳ ಲೆಕ್ಕ ಇಟ್ಟಾಗ ಅರಿವಳಿಕೆಗೆ ಸಂಬಂಧಿಸಿದ ಸಾವುಗಳು 10, ಆ ಹತ್ತೂ ಮಕ್ಕಳಿಗೆ ಮೊದಲೇ ಬೇರೆ ಕಾಯಿಲೆ ಇತ್ತು.

ಉತ್ತರ 2: ಒಬ್ಬ ತಂದೆ

ಮೇಡಂ, ವೈದ್ಯರು ಮೇಲೆ ವಿವರಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಮೂರು ವರ್ಷದ ಹಿಂದೆ ನನ್ನ ಮಗನಿಗೆ ಅಂಡವೃದ್ಧಿಯ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು, ಆಗ ಅವನಿಗೆ ನಾಲ್ಕು ವರ್ಷ. ಹತ್ತು ದಿನ ಮುಂಚೆ ನೆಗಡಿ, ಕೆಮ್ಮು ಬಂದು, ಆ ದಿನದ ಹೊತ್ತಿಗೆ ಬಹುತೇಕ ವಾಸಿಯಾಗಿತ್ತು. ಬೆಳಿಗ್ಗೆ ಅರಿವಳಿಕೆ ವೈದ್ಯರು ಬಂದು, ಇತ್ತೀಚೆಗೆ ನೆಗಡಿ, ಕೆಮ್ಮು, ಜ್ವರ ಏನಾದರೂ ಇತ್ತೇ ಎಂದು ಸ್ಪಷ್ಟವಾಗಿಯೇ ಕೇಳಿದರು. ನಾನು ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಈಗ ಇಲ್ಲವಲ್ಲ ಎಂಬ ಸಮಾಧಾನ. ಮಡದಿ ನನ್ನ ಮುಖ ನೋಡಿದಳು, ಮಾತಾಡಲಿಲ್ಲ.

ಮಗು ಅಳಬಾರದೆಂದು ನನ್ನನ್ನೂ ಒಳಗೆ ಬಿಟ್ಟಿದ್ದರು. ಮೇಜಿನ ಮೇಲೆ ಅವನ ಕೈ ಹಿಡಿದು ನಿಂತಿದ್ದೆ. ಮಾಸ್ಕ್ ಇಟ್ಟರು, ಅವನು ನನ್ನನ್ನೇ ನೋಡುತ್ತಾ ಕಣ್ಣು ಮುಚ್ಚಿದ. ಅಷ್ಟರಲ್ಲಿ ಎದೆಯ ನಡುಭಾಗ ಒಳಕ್ಕೆ ಗುಳಿಬೀಳುವುದೂ ಹೊಟ್ಟೆ ಮೇಲಕ್ಕೆ ಉಬ್ಬುವುದೂ ಶುರುವಾಯಿತು. ಉಸಿರಿನ ಸದ್ದು ಮಾತ್ರ ಇರಲಿಲ್ಲ. ಅದುವರೆಗೂ ಒಂದೇ ಸ್ವರದಲ್ಲಿ ಬಡಿಯುತ್ತಿದ್ದ ಯಂತ್ರದ ಟಿಂಗ್ ಟಿಂಗ್ ಸದ್ದು ಬಡಿತದಿಂದ ಬಡಿತಕ್ಕೆ ತಗ್ಗುತ್ತಾ, ಮಂದ್ರಕ್ಕೆ ಇಳಿಯುತ್ತಾ ಹೋಯಿತು. ರಕ್ತದ ಆಮ್ಲಜನಕ ಇಳಿದಂತೆ ಆ ಯಂತ್ರದ ಸ್ವರವೂ ಇಳಿಯುವಂತೆ ಮಾಡಿರುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ತುಟಿ ನೀಲಿಯಾಯಿತು. ಒಬ್ಬರು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ಇಪ್ಪತ್ತು ನಿಮಿಷಕ್ಕೆ ವೈದ್ಯರು ಬಂದು, ಮಗು ಚೆನ್ನಾಗಿದೆ, ಆದರೆ ಇವತ್ತು ಶಸ್ತ್ರಚಿಕಿತ್ಸೆ ಬೇಡ ಎಂದರು. ಮುಚ್ಚಿದ ದಾರಿಯ ವಿರುದ್ಧ ಜೋರಾಗಿ ಉಸಿರು ಎಳೆದದ್ದರಿಂದ ಶ್ವಾಸಕೋಶದಲ್ಲಿ ನೀರು ಸೇರಿಕೊಂಡಿದೆ, ಒಂದು ರಾತ್ರಿ ಆಮ್ಲಜನಕದಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು. ಮತ್ತೊಮ್ಮೆ ನೆಗಡಿಯ ಬಗ್ಗೆ ಕೇಳಿದರು. ಈ ಸಲ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೆಳಿಗ್ಗೆಯೇ ಗೊತ್ತಿದ್ದರೆ ಮುಂದಕ್ಕೆ ಹಾಕುತ್ತಿದ್ದೆ, ಇಲ್ಲವೇ ಬೇರೆ ರೀತಿ ಕೊಡುತ್ತಿದ್ದೆ ಎಂದಷ್ಟೇ ಹೇಳಿದರು. ಮಗ ಮರುದಿನ ಸಂಜೆ ಮನೆಗೆ ಬಂದ. ಐದು ವಾರ ಕಳೆದು, ಅದೇ ವೈದ್ಯರೇ ಯಾವ ತೊಂದರೆಯೂ ಇಲ್ಲದೆ ಅರಿವಳಿಕೆ ಕೊಟ್ಟರು.

ರಜೆ ಮತ್ತೆ ಸಿಗುತ್ತದೆ, ಮೇಡಂ. ಹಿರಿಯರಿಗೆ ನನ್ನ ಈ ಮಾತುಗಳನ್ನು ಓದಿ ಹೇಳಿ.

ಉತ್ತರ 3: ರಿಕವರಿ ವಾರ್ಡಿನ ಶುಶ್ರೂಷಕಿ

ನೆಗಡಿಯ ಬಗ್ಗೆ ವೈದ್ಯರು ಹೇಳಿದ ಮೇಲೆ ನಾನು ಸೇರಿಸುವುದೇನಿಲ್ಲ. ತಂದೆತಾಯಿ ಮುಚ್ಚಿಡುವ ಇನ್ನೊಂದು ವಿಷಯದ ಬಗ್ಗೆ ಬರೆಯಬೇಕೆನಿಸಿತು: ಹೊಟ್ಟೆ ಖಾಲಿ ಇಡುವುದು.

ಅರಿವಳಿಕೆಯಲ್ಲಿ ನುಂಗುವ, ಕೆಮ್ಮುವ ಸಹಜ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಿಸಬೇಕು, ತಾಯಿಯ ಹಾಲಾದರೆ ಸಾಮಾನ್ಯವಾಗಿ 4 ಗಂಟೆ. ಬರೀ ನೀರು, ತಿರುಳಿಲ್ಲದ ತಿಳಿರಸ 2 ಗಂಟೆ ಮುಂಚಿನವರೆಗೂ ಕುಡಿಸಬಹುದು. ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು 2018ರಿಂದ ಇದನ್ನು 1 ಗಂಟೆಗೆ ಇಳಿಸಿವೆ. ನಿಮ್ಮ ಆಸ್ಪತ್ರೆ ಹೇಳುವ ಗಂಟೆ ಯಾವುದೋ ಅದನ್ನೇ ಪಾಲಿಸಿ. ಹಾಲು ತಿಳಿ ಪಾನೀಯವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ, ಏಕೆಂದರೆ ಬೆಳಿಗ್ಗೆ ಮಗು ಅತ್ತಿತು ಎಂದು ಎರಡು ಗುಟುಕು ಹಾಲು ಕುಡಿಸಿ, ಕೇಳಿದಾಗ ಏನೂ ಕೊಟ್ಟಿಲ್ಲ ಎನ್ನುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಅಜ್ಜಿ ಕೊಟ್ಟಿರುತ್ತಾರೆ, ಅಮ್ಮನಿಗೇ ಗೊತ್ತಿರುವುದಿಲ್ಲ. ಹೇಳಿದರೆ ಎರಡು ಮೂರು ಗಂಟೆ ತಡವಾಗಬಹುದು, ಅಷ್ಟೇ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ: ಭಯಪಟ್ಟು ಹಿಂದಿನ ರಾತ್ರಿಯಿಂದ ಹನಿ ನೀರನ್ನೂ ಕೊಡದೆ ಮಗುವನ್ನು ಬಾಡಿಸಿ ಕರೆತರುತ್ತಾರೆ. ಅದೂ ಬೇಡ.

ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಿದ್ದರೆ ಅದನ್ನೂ ಹೇಳಿ. ಮಗುವಿನ ಮುಂದೆ ಸೇದುವುದಿಲ್ಲ, ಬಾಲ್ಕನಿಯಲ್ಲಿ ಸೇದುತ್ತೇನೆ ಎನ್ನುವವರೂ ಹೇಳಬೇಕು. ಆ ಹೊಗೆ ಕುಡಿದು ಬೆಳೆದ ಮಕ್ಕಳ ಗಂಟಲು ಅರಿವಳಿಕೆಯಲ್ಲಿ ಹೆಚ್ಚು ಕೆರಳುತ್ತದೆ. ಉಬ್ಬಸ, ಚರ್ಮದ ಎಕ್ಸಿಮಾ, ಮನೆತನದಲ್ಲಿ ಅಸ್ತಮಾ, ಹಿಂದೆ ಯಾರಿಗಾದರೂ ಅರಿವಳಿಕೆಯಲ್ಲಿ ತೊಂದರೆಯಾದದ್ದು, ಇವೆಲ್ಲವೂ ನಮಗೆ ಬೇಕಾದ ಸುದ್ದಿ.

ರಿಕವರಿಗೆ ಬಂದ ಮೇಲೆ ನಿಮ್ಮ ಮಗಳು ನಿಮ್ಮನ್ನೇ ಗುರುತಿಸದೆ ಚೀರಾಡಬಹುದು, ಒದೆಯಬಹುದು. ಸೆವೋಫ್ಲುರೇನ್ ಎಂಬ ಅರಿವಳಿಕೆ ಅನಿಲದಿಂದ ಎಚ್ಚರಗೊಳ್ಳುವ ಎಳೆಯ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಅವಳನ್ನು ಮಗ್ಗುಲಾಗಿ ಮಲಗಿಸಿರುತ್ತೇವೆ, ಬಾಯಿಯ ರಕ್ತ, ಜೊಲ್ಲು ಹೊರಕ್ಕೆ ಹರಿಯಲಿ ಎಂದು. ಪ್ರೀತಿಯಿಂದ ಎತ್ತಿ ಅಂಗಾತ ತೊಡೆಯ ಮೇಲೆ ಮಲಗಿಸಿಕೊಳ್ಳಲು ಹೋಗಬೇಡಿ, ನಮ್ಮನ್ನು ಕೇಳಿ.

ಉತ್ತರ 4: ಇನ್ನೊಬ್ಬ ಓದುಗ

ಇಷ್ಟೆಲ್ಲ ಅಪಾಯವಿರುವಾಗ ಮಕ್ಕಳಿಗೆ ಪೂರ್ತಿ ಅರಿವಳಿಕೆ ಏಕೆ ಕೊಡಬೇಕು ಎಂದು ವೈದ್ಯರಲ್ಲಿ ವಿನಯದಿಂದ ಕೇಳುತ್ತೇನೆ. ನನ್ನ ಮಗನಿಗೆ ಐದು ಹಲ್ಲುಗಳ ಚಿಕಿತ್ಸೆ ಆಗಬೇಕಿದೆ. ಕ್ಲಿನಿಕ್‌ನಲ್ಲೇ ನಿದ್ದೆಯ ಔಷಧ ಕುಡಿಸಿ ಮುಗಿಸೋಣ, ಅದು ಅರಿವಳಿಕೆಯಲ್ಲ, ಹಗುರ ಎಂದು ಒಬ್ಬರು ಹೇಳಿದ್ದಾರೆ. ಅರಿವಳಿಕೆಯಿಂದ ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಎಂದೂ ಓದಿದ್ದೇನೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ 5: ಮಕ್ಕಳ ಅರಿವಳಿಕೆ ತಜ್ಞ

ನಿಮ್ಮ ಮೊದಲ ಪ್ರಶ್ನೆ ಬಹಳ ಮುಖ್ಯವಾದದ್ದು, ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ನಿದ್ದೆಯ ಔಷಧಕ್ಕೂ ಪೂರ್ಣ ಅರಿವಳಿಕೆಗೂ ನಡುವೆ ಗೋಡೆಯಿಲ್ಲ, ಇಳಿಜಾರಿದೆ. ಒಂದೇ ಪ್ರಮಾಣದ ಔಷಧ ಒಂದು ಮಗುವನ್ನು ತೂಕಡಿಸುವಷ್ಟಕ್ಕೆ ಬಿಟ್ಟರೆ ಇನ್ನೊಂದನ್ನು ಉಸಿರು ನಿಲ್ಲುವಷ್ಟು ಕೆಳಕ್ಕೆ ಇಳಿಸಬಹುದು, ಅದರಲ್ಲೂ ಕುಡಿಸುವ ಔಷಧ ಎಷ್ಟು ಹೊತ್ತಿಗೆ, ಎಷ್ಟು ಬಲವಾಗಿ ಏರುತ್ತದೆ ಎಂದು ಮುಂದಾಗಿ ಹೇಳುವುದು ಕಷ್ಟ. ಹಲ್ಲಿನ ಚಿಕಿತ್ಸೆಯಲ್ಲಿ ಬಾಯೊಳಗೆ ನೀರು, ಹತ್ತಿ, ಉಪಕರಣ ಎಲ್ಲವೂ ಇರುತ್ತವೆ. ಉಸಿರುದಾರಿಗೆ ಟ್ಯೂಬಿನ ರಕ್ಷಣೆ ಇರುವುದಿಲ್ಲ. ಆದ್ದರಿಂದ ಹಗುರ ಎಂಬ ಮಾತನ್ನು ನಂಬಿ ಒಪ್ಪಬೇಡಿ. ಹಲ್ಲಿನ ಕೆಲಸ ಮಾಡುವವರನ್ನು ಬಿಟ್ಟು, ಮಗುವಿನ ಉಸಿರನ್ನು ನೋಡಿಕೊಳ್ಳುವುದನ್ನೇ ಕೆಲಸವಾಗಿಟ್ಟುಕೊಂಡ ತರಬೇತಾದ ವ್ಯಕ್ತಿ ಇನ್ನೊಬ್ಬರು ಇರುತ್ತಾರೆಯೇ ಎಂದು ಕೇಳಿ. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಜೊತೆಗೆ ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದೆಯೇ ಎಂದು ಕೇಳಿ. ಇದಕ್ಕೆ ಕಾರಣವಿದೆ: ಉಸಿರು ನಿಂತ ಕೂಡಲೇ ಕ್ಯಾಪ್ನೋಗ್ರಾಫಿನ ಗೆರೆ ಮಲಗಿಬಿಡುತ್ತದೆ, ಆದರೆ ಆಕ್ಸಿಮೀಟರಿನ ಅಂಕಿ ಇಳಿಯಲು ಸ್ವಲ್ಪ ಹೊತ್ತು ಬೇಕು, ಮಗುವಿಗೆ ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಇನ್ನೂ ತಡ. ಮಗುವಿನ ಅಳತೆಯ ಮಾಸ್ಕ್, ಟ್ಯೂಬು, ಕಫ ಎಳೆಯುವ ಯಂತ್ರ ಕೈಗೆಟುಕುವಂತಿವೆಯೇ ನೋಡಿ. ಈ ಪ್ರಶ್ನೆಗಳಿಗೆ ಬೇಸರಪಡುವ ಜಾಗದಲ್ಲಿ ಮಗುವನ್ನು ಮಲಗಿಸದಿರುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಚಿಕ್ಕ ಕೆಲಸಕ್ಕೆ ಚಿಕ್ಕ ಅರಿವಳಿಕೆ ಎಂಬ ಭಾವನೆ ಬಹಳ ಹಳೆಯದು. ಕ್ಲೋರೋಫಾರ್ಮಿನಿಂದ ಸತ್ತವರೆಂದು ದಾಖಲಾದ ಮೊದಲ ವ್ಯಕ್ತಿ 15 ವರ್ಷದ ಹುಡುಗಿ, ಇಂಗ್ಲೆಂಡಿನ ಹ್ಯಾನಾ ಗ್ರೀನರ್. ಅದು 1848ರ ಜನವರಿ. ಅವಳ ಕಾಲಿನ ಒಂದು ಉಗುರನ್ನು ತೆಗೆಯಬೇಕಿತ್ತು, ಅಷ್ಟೇ. ಅಂದಿಗೂ ಇಂದಿಗೂ ಔಷಧಗಳೂ ಯಂತ್ರಗಳೂ ಹೋಲಿಸಲಾಗದಷ್ಟು ಬದಲಾಗಿವೆ. ಆದರೆ ಶಸ್ತ್ರಚಿಕಿತ್ಸೆ ಎಷ್ಟು ಚಿಕ್ಕದಾದರೂ ಉಸಿರನ್ನು ಕಾಯುವ ಕೆಲಸ ಚಿಕ್ಕದಾಗುವುದಿಲ್ಲ.

ಇನ್ನು ಮೆದುಳಿನ ಪ್ರಶ್ನೆ. ಎಳೆಯ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ನರಕೋಶಗಳಿಗೆ ಹಾನಿ ಕಂಡದ್ದು ನಿಜ. ಅದರ ಆಧಾರದ ಮೇಲೆ 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 3 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ 3 ಗಂಟೆಗೂ ಹೆಚ್ಚಿನ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ನೀಡಿತು. ಆದರೆ ಮಕ್ಕಳಲ್ಲೇ ನಡೆದ ಗ್ಯಾಸ್ ಎಂಬ ಹೆಸರಿನ ಅಧ್ಯಯನದಲ್ಲಿ 7 ದೇಶಗಳ 722 ಹಸುಗೂಸುಗಳನ್ನು ಎರಡು ಗುಂಪು ಮಾಡಿ, ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಂದು ಗುಂಪಿಗೆ ಪೂರ್ಣ ಅರಿವಳಿಕೆ, ಇನ್ನೊಂದಕ್ಕೆ ಎಚ್ಚರವಿದ್ದಂತೆಯೇ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಐದು ವರ್ಷ ತುಂಬಿದಾಗ ಬುದ್ಧಿಶಕ್ತಿಯನ್ನು ಅಳೆದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳು ಸಮ. ಅಲ್ಲಿ ಅರಿವಳಿಕೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿದಿತ್ತು. ಆದ್ದರಿಂದ ಒಮ್ಮೆ, ಅಲ್ಪ ಹೊತ್ತು ಕೊಡುವ ಅರಿವಳಿಕೆಯ ಬಗ್ಗೆ ಈ ಭಯದಿಂದ ಅಗತ್ಯವಾದ ಚಿಕಿತ್ಸೆಯನ್ನು ತಪ್ಪಿಸಬಾರದು. ಉಸಿರಿನ ಕಡೆ ಎಚ್ಚರ ತಪ್ಪಿದಾಗ ಮೆದುಳಿಗೆ ಆಮ್ಲಜನಕ ಸಿಗದೆ ಆಗುವ ಹಾನಿಯ ಬಗ್ಗೆ ಮಾತ್ರ ಯಾವ ಅನುಮಾನವೂ ಇಲ್ಲ. ನಮ್ಮ ಆತಂಕವನ್ನೆಲ್ಲ ಅತ್ತ ತಿರುಗಿಸುವುದು ಒಳ್ಳೆಯದು.

ಮಗುವಿನ ತಾಯಿ

ಉತ್ತರಿಸಿದ ಎಲ್ಲರಿಗೂ ಮನಸ್ಸಿನಾಳದಿಂದ ವಂದನೆಗಳು. ತಂದೆಯೊಬ್ಬರು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದ ಮೇಲೆ ಅತ್ತೆಯವರೇ ಫೋನನ್ನು ನನ್ನ ಕೈಗೆ ಕೊಟ್ಟರು. ಆಸ್ಪತ್ರೆಯವರು ಇವತ್ತೇ ಕರೆಸಿಕೊಂಡು, ಎದೆಗೆ ಸ್ಟೆಥಾಸ್ಕೋಪ್ ಇಟ್ಟು ನೋಡಿ, ಶಸ್ತ್ರಚಿಕಿತ್ಸೆಯನ್ನು ನಾಲ್ಕು ವಾರ ಮುಂದಕ್ಕೆ ಹಾಕಿದರು. ಸರದಿಯ ಕೊನೆಗೆ ತಳ್ಳಲಿಲ್ಲ, ನಮ್ಮ ದಿನಾಂಕವನ್ನು ಅಂದೇ ಬರೆದುಕೊಟ್ಟರು.

ಇನ್ನೂ ಮೂರು ಸಂದೇಹಗಳಿವೆ. ಆ ನಾಲ್ಕು ವಾರಗಳಲ್ಲಿ ಮತ್ತೆ ನೆಗಡಿ ಬಂದರೆ ಏನು ಮಾಡುವುದು? ಉಸಿರು ಕಟ್ಟುವುದು ವೈದ್ಯರ ಮುಂದೆ ಆಗುವುದಿಲ್ಲವಲ್ಲ, ಅದನ್ನು ಅವರಿಗೆ ತೋರಿಸುವುದು ಹೇಗೆ? ಅವಳ ಕೆಳಸಾಲಿನ ಮುಂದಿನ ಒಂದು ಹಲ್ಲು ಅಲ್ಲಾಡುತ್ತಿದೆ. ಇದು ತೀರಾ ಸಣ್ಣ ವಿಷಯ, ಆದರೂ ಹೇಳಬೇಕೇ?

ಉತ್ತರ 6: ಮಕ್ಕಳ ಅರಿವಳಿಕೆ ತಜ್ಞ

ನೀವು ಮಾಡಿದ್ದು ಬಹಳ ಸರಿ. ಆ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ, ಆದ್ದರಿಂದ ಪೂರ್ತಿ ನೆಗಡಿಯಿಲ್ಲದ ಆರು ವಾರಗಳಿಗಾಗಿ ಕಾಯುತ್ತಾ ಕೂತರೆ ಶಸ್ತ್ರಚಿಕಿತ್ಸೆ ನಡೆಯುವುದೇ ಇಲ್ಲ. ಮತ್ತೆ ಬಂದರೂ, ಜ್ವರವಿಲ್ಲದೆ, ಎದೆ ಶುಭ್ರವಾಗಿದ್ದು, ಮಗು ಆಡಿಕೊಂಡಿದ್ದು, ಮೂಗಿನಿಂದ ಬರೀ ತಿಳಿನೀರು ಬರುತ್ತಿದ್ದರೆ ಮುಂದುವರಿಯಬಹುದು ಎಂದು ವೈದ್ಯರು ನಿರ್ಧರಿಸಲೂಬಹುದು. ನಿಮ್ಮ ಮಗಳ ಮೂಗು ಸೋರುವುದಕ್ಕೆ ಅಡೆನಾಯ್ಡ್ ಕೂಡ ಒಂದು ಕಾರಣವಿರಬಹುದು, ಅದನ್ನು ತೆಗೆಯದ ಹೊರತು ಮೂಗು ಒಣಗುವುದಿಲ್ಲ. ಅಂಥ ಸಂದರ್ಭದಲ್ಲಿ ಅನುಭವಿ ಕೈ, ಮುಂಚೆಯೇ ಉಸಿರುದಾರಿ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್, ಮಾಸ್ಕಿನ ಬದಲು ರಕ್ತನಾಳಕ್ಕೆ ಕೊಡುವ ಪ್ರೊಪೋಫಾಲ್ ಮುಂತಾದ ಎಚ್ಚರಿಕೆಗಳನ್ನು ತೆಗೆದುಕೊಳ್ಳುತ್ತಾರೆ. ನೆಗಡಿ ಮತ್ತೆ ಬಂದ ದಿನವೇ ತಿಳಿಸಿದರೆ ಸಾಕು.

ಅವಳು ಗಾಢ ನಿದ್ದೆಯಲ್ಲಿರುವಾಗ, ಬೆಳಗಿನ ಜಾವದ ಹೊತ್ತಿಗೆ, ಎದೆ ಮತ್ತು ಮುಖ ಎರಡೂ ಕಾಣುವಂತೆ ಎರಡು ಮೂರು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಬಂದು ತೋರಿಸಿ. ಅಷ್ಟರಿಂದ ನಮಗೆ ಎಷ್ಟೋ ತಿಳಿಯುತ್ತದೆ: ನೋವಿಗೆ ಮಾರ್ಫಿನ್ ಜಾತಿಯ ಔಷಧವನ್ನು ಎಷ್ಟು ಕಡಿಮೆ ಮಾಡಬೇಕು, ಅಂದು ರಾತ್ರಿ ಮನೆಗೆ ಕಳಿಸಬಹುದೇ ಅಥವಾ ವಾರ್ಡಿನಲ್ಲೇ ಆಕ್ಸಿಮೀಟರ್ ಕಟ್ಟಿ ಇರಿಸಿಕೊಳ್ಳಬೇಕೇ ಎಂಬುದು ಅದರ ಮೇಲೆ ನಿಂತಿದೆ. ಮನೆಗೆ ಬಂದ ಮೇಲೆ ಯಾರು ಹೇಳಿದರೂ ಕೋಡೀನ್ ಇರುವ ನೋವಿನ ಅಥವಾ ಕೆಮ್ಮಿನ ಔಷಧ ಕೊಡಬೇಡಿ. ಕೆಲವು ಮಕ್ಕಳ ದೇಹ ಅದನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಬದಲಿಸಿ, ನಿದ್ದೆಯಲ್ಲೇ ಉಸಿರು ನಿಂತುಹೋದ ಪ್ರಕರಣಗಳಿವೆ. ಎಫ್‌ಡಿಎ 2013ರಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಅದನ್ನು ಮಕ್ಕಳಿಗೆ ಕೊಡಬಾರದೆಂದು ಎಚ್ಚರಿಸಿ, 2017ರಲ್ಲಿ 12 ವರ್ಷದೊಳಗಿನವರಿಗೆ ಪೂರ್ತಿ ಸಲ್ಲದೆಂದಿತು.

ಹಲ್ಲಿನ ವಿಷಯ ಸಣ್ಣದಲ್ಲ, ಖಂಡಿತ ಹೇಳಿ, ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಿ. ಟ್ಯೂಬು ಹಾಕುವಾಗ ಅಥವಾ ಬಾಯಿ ತೆರೆದಿಡುವ ಉಪಕರಣ ತಗುಲಿ ಅದು ಕಳಚಿದರೆ ನೇರವಾಗಿ ಶ್ವಾಸನಾಳಕ್ಕೆ ಇಳಿಯಬಹುದು. ತೀರಾ ಸಡಿಲವಾಗಿದ್ದರೆ ಅವಳು ಮಲಗಿದ ಮೇಲೆ ನಾವೇ ಮೆಲ್ಲಗೆ ತೆಗೆದು, ಹತ್ತಿಯಲ್ಲಿ ಸುತ್ತಿ ನಿಮ್ಮ ಕೈಗೆ ಕೊಡುತ್ತೇವೆ. ಹಾಗೆ ಮಾಡಬಹುದು ಎಂದು ಅವಳಿಗೂ ಮುಂಚೆಯೇ ಹೇಳಿಡಿ.